ಹೊರಗೆ ಕೂತವರ ಪಾಳಿ

ಕಬ್ಬಿನ ಗದ್ದೆಗಳ ನಡುವಿನ ದಾರಿ ಮತ್ತೆ ಅದೇ ಬಾವಿಯ ಹತ್ತಿರ ತಂದು ನಿಲ್ಲಿಸಿದಾಗ ಕಸ್ತೂರಿ ಸ್ಕೂಟರ್ ಆರಿಸಿ, ಎಮ್ಮೆ ತೊಳೆಯುತ್ತಿದ್ದವನನ್ನು ಕೇಳಿದಳು.

"ಹೊಳಿ ದಂಡಿ ಮ್ಯಾಲ ಜೈನಬಿ ಅಕ್ಕೋರ ಮೈದಾನ ಐತೆಲ್ಲ, ಅದಕ್ಕ ಹೆಂಗ ಹೋಗಬೇಕ್ರಿ?"

ಅವನು ತಲೆ ಎತ್ತಿದ. ಎಮ್ಮೆಯ ಬೆನ್ನ ಮೇಲಿದ್ದ ಕೈ ಅಲ್ಲೇ ನಿಂತಿತು.

"ನೀವು ಗಿಡಗ ಅಲ್ಲೇನ್ರಿ?"

ಕಬಡ್ಡಿಯಲ್ಲಿ ಎದುರಾಳಿಗಳ ಮೇಲೆ ಎರಗಿ, ಮುಟ್ಟಿ, ಸಿಗದೆ ಹಾರಿ ಬರುತ್ತಿದ್ದವಳಿಗೆ ಜನ ಇಟ್ಟ ಹೆಸರು ಅದು. ಕಸ್ತೂರಿ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು.

ಯಮನಪ್ಪ ಎಂಬ ಆ ಮನುಷ್ಯ ದಾರಿ ಹೇಳಲಿಲ್ಲ. ಬದಲಿಗೆ ಅವಳ ಹಳೆಯದೊಂದು ಫೈನಲ್ ಪಂದ್ಯವನ್ನು ಹೇಳಿದ. ಯಾವ ಕಾಲು ಮುಂದಿಟ್ಟಳು, ಯಾರನ್ನು ಮುಟ್ಟಿದಳು, ಗೆರೆಗೆ ಬೆರಳು ತಾಗಿದಾಗ ಎಷ್ಟು ಮಂದಿ ಮೇಲೆ ಬಿದ್ದಿದ್ದರು, ಎಲ್ಲ. ಅವಳಿಗೇ ಅಷ್ಟು ನೆನಪಿರಲಿಲ್ಲ. ಮನೆಯಿಂದ ತಾಯಿಯನ್ನು ಕರೆಸಿದ. ಆ ಮುದುಕಿ ಅವಳ ಅಂಗೈಗೆ ಬೆಲ್ಲದ ಹೆಂಟೆ ಇಟ್ಟು, ಗಲ್ಲ ಸವರಿ ನೆಟಿಗೆ ಮುರಿದಳು. ಫೋಟೋ ಆಯಿತು. ಫೋಟೋದಲ್ಲಿ ಎಮ್ಮೆಯೂ ಬಂತು.

ಆಮೇಲೆ ಕೈ ಚಾಚಿ ದಾರಿ ತೋರಿಸಿದ. ಸಂಭ್ರಮದಲ್ಲಿ ತಪ್ಪು ದಿಕ್ಕಿಗೆ ತೋರಿಸಿದ್ದ. ಅವಳು ಹೊಳೆ ಸೇರಿದಾಗ ಬಿಸಿಲು ಇಳಿದಿತ್ತು.

ಜೈನಬಿ ಅಕ್ಕೋರು ಬಗ್ಗಿಕೊಂಡು ಸುಣ್ಣದ ಪುಡಿಯಲ್ಲಿ ಅಂಕಣದ ಗೆರೆ ಎಳೆಯುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು. ಕಸ್ತೂರಿಗೂ ಅವಳ ತಂಗಿ ದಾಕ್ಷಾಯಣಿಗೂ ಕಬಡ್ಡಿ ಕಲಿಸಿದ್ದು ಅವರೇ, ಇದೇ ಮಣ್ಣಿನಲ್ಲಿ.

"ತಡಾ ಮಾಡಿದಿ," ಅಂದರು, ತಲೆ ಎತ್ತದೆ.

"ಜನ ಹಿಡಕೊಂಡ್ರು, ಅಕ್ಕೋರ."

"ಹಿಡದ್ರ ಬಿಡಿಸ್ಕೊಂಡು ಬರಾಕ ಕಲಿಸಿದ್ನೆಲ್ಲ."

ಕಸ್ತೂರಿ ನಕ್ಕು ಅವರ ಕಾಲು ಮುಟ್ಟಿದಳು. ಬರುವ ಭಾನುವಾರ ತಾಲೂಕು ಮೈದಾನದಲ್ಲಿ ತನ್ನ ವಿದಾಯದ ಪಂದ್ಯ, ಅಭಿಮಾನಿಗಳೇ ಸೇರಿ ನಡೆಸುತ್ತಿದ್ದಾರೆ, ನೀವೇ ರೆಫರಿ ಆಗಬೇಕು ಅಂದಳು. ಅಕ್ಕೋರು ಒಪ್ಪಿದರು.

ಬಂದ ಕೆಲಸ ಆಗಿತ್ತು. ಅವಳು ಹೊರಡಲಿಲ್ಲ.

"ಮತ್ತೇನು?"

"ದಾಕ್ಷಿ ಬರೂದಿಲ್ಲ ಅಂದಾಳ್ರಿ. ಆಕಿನ್ನ ನೋಡಿ ಮಗಳೂ ಒಲ್ಲೆ ಅಂತಾಳ. ಮುಂದಿನ ಸಾಲಿನ್ಯಾಗ ಇಬ್ಬರಿಗೂ ಕುರ್ಚಿ ಹಾಕ್ಸೀನಿ. ಅವು ಖಾಲಿ ಇದ್ರ ನಾ ಹೆಂಗ ಆಡ್ಲಿ?"

ಅಕ್ಕೋರು ಗೆರೆ ಎಳೆಯುತ್ತಲೇ ಇದ್ದರು. ಕಸ್ತೂರಿ ಹೇಳುತ್ತ ಹೋದಳು. ಗಂಡ ಮಿಲ್ಟ್ರಿಯಲ್ಲಿದ್ದ, ತಾನು ಕಬಡ್ಡಿ ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗುತ್ತಿದ್ದಳು, ಮಗಳು ತೇಜು ಬೆಳೆದದ್ದು ದಾಕ್ಷಿಯ ಕೈಯಲ್ಲಿ. ಈಗ ಜಿಲ್ಲೆಯ ಯಾವ ಊರಿಗೆ ಹೋದರೂ ಜನ ಮೈಮೇಲೆ ಬೀಳುತ್ತಾರೆ. ತನ್ನ ಮನೆಗೆ ಹೋದರೆ ಮಾತ್ರ ಮಗಳು ಚಹಾ ಸೋಸಿ, ಬಸಿಯ ಮೇಲೆ ಕಪ್ಪಿಟ್ಟು, ಎರಡೂ ಕೈಯಲ್ಲಿ ತಂದುಕೊಡುತ್ತಾಳೆ. ಬಂದವರಿಗೆ ಕೊಟ್ಟ ಹಾಗೆ.

"ಅವರನ್ನ ಎದಕ್ಕ ಕರದಿ?"

"ನನ್ನ ಕಡೀ ಆಟ ನೋಡಾಕ್ರಿ."

"ನೋಡಿ ನೋಡಿ ಸಾಕಾಗಿರಬೇಕು," ಅಂದ ಅಕ್ಕೋರು ಸೀಟಿ ಊದಿದರು.

ಅಕ್ಕಪಕ್ಕದ ಹಳ್ಳಿಯ ಹುಡುಗಿಯರು ದಂಡೆಯಿಂದ ಎದ್ದು ಬಂದರು. ಗಿಡಗನನ್ನು ಕಂಡು ಪಿಸುಗುಟ್ಟಿದರು. ಅಕ್ಕೋರು ಅವಳನ್ನೂ ಒಂದು ತಂಡಕ್ಕೆ ಹಾಕಿದರು.

ಆ ತಂಡದಲ್ಲಿ ಮೊದಲು ಔಟಾದವಳು ಒಬ್ಬ ಸಣಕಲು ಹುಡುಗಿ. ಅವಳ ಹಿಂದೆಯೇ ಗಟ್ಟಿ ಮೈಯವಳೊಬ್ಬಳು ಔಟಾದಳು. ಇಬ್ಬರೂ ಗೆರೆಯಾಚೆ ಹೋಗಿ ಕೂತರು.

ಕಸ್ತೂರಿ ರೇಡ್ ಹೋದಳು. ಒಬ್ಬಳ ಹೆಗಲು ಮುಟ್ಟಿ, ಉಳಿದವರ ಕೈಗೆ ಸಿಗದೆ ಗೆರೆ ದಾಟಿ ಬಂದಳು. ತೊಡೆ ತಟ್ಟಿ, ದಂಡೆಯ ಮೇಲೆ ನೋಡುತ್ತ ನಿಂತಿದ್ದ ನಾಲ್ಕಾರು ಮಂದಿಯತ್ತ ಕೈ ಎತ್ತಿದಳು. ಆಮೇಲೆ ಗಟ್ಟಿ ಮೈಯವಳನ್ನು ಬೆರಳು ಮಾಡಿ ಒಳಗೆ ಕರೆದಳು.

ಸೀಟಿ ಬಿತ್ತು.

"ಯಾರನ್ನ ಕರದಿ?"

"ಹಿಡಿಯಾಕ ಗಟ್ಟಿ ಇದ್ದಾಳಂತ…"

"ನೀ ಒಂದು ಪಾಯಿಂಟ್ ತಂದ್ರ ಔಟಾದಾರೊಳಗ ಒಬ್ಬಾಕಿಗೆ ಜೀವ ಬರ್ತೈತಿ. ಯಾರಿಗೆ?"

ಆಟ ಕಲಿಯುವ ಮೊದಲ ವಾರದಲ್ಲಿ ಬಾಯಿಪಾಠ ಮಾಡಿಸುವ ನಿಯಮ ಅದು. ಸಣಕಲು ಹುಡುಗಿಯೇ ಕೂತಲ್ಲಿಂದ ಉತ್ತರ ಕೊಟ್ಟಳು. "ಮೊದಲ ಔಟಾದಾಕಿಗ್ರಿ."

ಕಸ್ತೂರಿಯ ಮುಖ ಕೆಂಪಾಯಿತು. ದೊಡ್ಡ ಪಂದ್ಯಗಳಲ್ಲಿ ಅದನ್ನು ಬೇರೆಯವರು ನೋಡಿಕೊಳ್ಳುತ್ತಾರೆ, ತಾನು ಅತ್ತ ನೋಡದೆ ಎಷ್ಟೋ ಕಾಲವಾಯಿತು ಅಂದಳು.

"ಗೆರಿ ದಾಟಿ ಬಂದ ಕೂಡಲೇ ಎತ್ತ ನೋಡ್ತಿ?"

"ಜನದ ಕಡೆ."

ಅಕ್ಕೋರು ಸಣಕಲು ಹುಡುಗಿಯನ್ನು ಒಳಗೆ ಕಳಿಸಿದರು. ಆಟ ಮುಂದುವರಿಯಲಿ ಎಂದು ಸನ್ನೆ ಮಾಡಿ ಕಸ್ತೂರಿಯನ್ನು ಹೊರಗೆ ಕರೆದುಕೊಂಡರು.

"ನಿನ್ನ ಮನ್ಯಾಗ ಮೊದಲ ಔಟಾದಾಕಿ ಯಾರು?"

"ತೇಜು," ಅಂದಳು ಕಸ್ತೂರಿ. ಆ ಉತ್ತರವನ್ನು ಅವಳು ದಾರಿಯುದ್ದಕ್ಕೂ ಹೊತ್ತು ತಂದಿದ್ದಳು.

ಅಕ್ಕೋರು ಅಂಕಣದ ಪಕ್ಕದ ಬೇವಿನ ಮರದ ಕಡೆ ನೋಡಿದರು.

"ಆವತ್ತು ಅಲ್ಲಿ ಬುಡದಾಗ ಕೂಸು ಎತ್ತಿಕೊಂಡು ಕುಂತಾಕಿ ಯಾರು?"

ಕಸ್ತೂರಿ ಮರದ ಕಡೆ ತಿರುಗಿದಳು.

ದಾಕ್ಷಿ ಹಿಡಿಯುವವಳು. ಒಮ್ಮೆ ಹಿಮ್ಮಡಿ ಕೈಗೆ ಸಿಕ್ಕರೆ ಎದುರಾಳಿ ತಂಡವೆಲ್ಲ ಬಂದು ಎಳೆದರೂ ಬಿಡದವಳು. ರಾಜ್ಯ ತಂಡಕ್ಕೆ ಅಕ್ಕತಂಗಿ ಇಬ್ಬರೂ ಆಯ್ಕೆಯಾದ ವರ್ಷ ತೇಜು ಇನ್ನೂ ತೊಟ್ಟಿಲಲ್ಲಿದ್ದಳು. ಈ ವರ್ಷ ನೀ ಕೂಸಿನ ಹಿಡಕೋ, ಬರೂ ವರ್ಷ ನಾ ಹೊರಗ ಕುಂತು ಹಿಡಕೋತೀನಿ, ನೀ ಆಡು. ಕಸ್ತೂರಿ ಆ ಮಾತು ಕೊಟ್ಟಿದ್ದು ಈ ಮರದ ಕೆಳಗೆ. ಅಕ್ಕೋರು ಪಕ್ಕದಲ್ಲೇ ನಿಂತಿದ್ದರು.

ಮರುವರ್ಷ ಪದಕ ಬಂತು. ಅದರ ಮರುವರ್ಷ ಗಿಡಗ ಎಂಬ ಹೆಸರು ಬಂತು. ತೇಜು ಈಗ ಕಾಲೇಜಿಗೆ ಹೋಗುತ್ತಾಳೆ, ತಾಯಿಗಿಂತ ಎತ್ತರ. ದಾಕ್ಷಿ ಪಂದ್ಯಗಳಿಗೆ ಬಂದಾಗಲೆಲ್ಲ ಅಕ್ಕನ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಗೆರೆಯಾಚೆ ಕೂತಿರುತ್ತಿದ್ದಳು. ಒಂದು ದಿನವೂ ಮಾತು ಎತ್ತಿರಲಿಲ್ಲ. ಆಮೇಲೆ ಬರುವುದನ್ನೇ ಬಿಟ್ಟಳು.

"ಈಗ ಆಕಿಗೆ ಆಡಾಕ ಆಕ್ಕೈತೇನ್ರಿ? ಮೊಣಕಾಲು ನೋವು ಅಂತಿರ್ತಾಳ."

"ನಿನಗಿಲ್ಲೇನು?"

"ಜನ ನನ್ನ ನೋಡಾಕ ಬರ್ತಾರ, ಅಕ್ಕೋರ. ಅವರೇನು ಕೆಟ್ಟವರಲ್ಲ. ಬೆಲ್ಲ ಕೊಡ್ತಾರ, ನೆಟಿಗಿ ಮುರೀತಾರ. ಅವರಿಗೆ ಏನಂತ ಹೇಳ್ಲಿ?"

"ಏನೂ ಹೇಳಬ್ಯಾಡ. ನೀ ಎತ್ತ ನೋಡ್ತಿ, ಅವರೂ ಅತ್ತ ನೋಡ್ತಾರ."

ಮನೆಗೆ ಬಂದ ಕಸ್ತೂರಿ ಕುರ್ಚಿಯ ಮಾತು ಎತ್ತಲಿಲ್ಲ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ತಂಗಿಯ ಎದುರು ತಂಡದ ಜೆರ್ಸಿಯೊಂದನ್ನು ಮಡಿಸಿ ಇಟ್ಟು, ಬೇವಿನ ಮರದ ಕೆಳಗಿನ ಮಾತನ್ನು ನೆನಪಿಸಿದಳು.

"ಈ ವಯಸ್ಸಿನ್ಯಾಗ ನನ್ನ ನಗಿಪಾಟಲು ಮಾಡ್ಬೇಕಂತ ಮಾಡಿಯೇನು?" ಅಂದು ದಾಕ್ಷಿ ಒಲೆಯ ಕಡೆ ತಿರುಗಿದಳು.

ತೇಜು ಎದ್ದು ಬಂದು ಜೆರ್ಸಿ ಬಿಚ್ಚಿ, ಚಿಕ್ಕಮ್ಮನ ಬೆನ್ನಿಗೆ ಹಿಡಿದು ಅಳತೆ ನೋಡಿದಳು. ದಾಕ್ಷಿ ಕೊಡವಿಕೊಳ್ಳಲಿಲ್ಲ. ಆ ದಿನ ತೇಜು ತಾಯಿಗೆ ಚಹಾ ಬಸಿಯಿಲ್ಲದೆ ಕೊಟ್ಟಳು.

ಭಾನುವಾರ ಮೈದಾನ ತುಂಬಿತ್ತು. ಯಮನಪ್ಪ ತನ್ನೂರಿನವರನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು, ಟ್ರೇಲರಿನ ಮೇಲೆಯೇ ನಿಂತಿದ್ದ.

ಆಟ ಶುರುವಾಗುವ ಮೊದಲು ಕಸ್ತೂರಿ ಅಕ್ಕೋರ ಹತ್ತಿರ ಹೋದಳು. "ನಾ ಮೊದಲ ಔಟಂತ ಹಿಡೀರಿ. ಹೊರಗ ಕೂಡ್ತೀನಿ. ಒಳಗಿನವರು ಪಾಯಿಂಟ್ ತಂದ್ರ ಬರ್ತೀನಿ, ಇಲ್ಲಂದ್ರ ಇಲ್ಲ."

ಎದುರು ತಂಡದ ನಾಯಕಿ, ವಿದಾಯದ ಪಂದ್ಯ, ನಿಮ್ಮಿಷ್ಟ ಎಂದು ನಕ್ಕಳು.

ಜೆರ್ಸಿ ತೊಟ್ಟ ದಾಕ್ಷಿ ಬರಿಗಾಲಲ್ಲಿ ಅಂಕಣದೊಳಗೆ ಹೋದಳು. ಕಸ್ತೂರಿ ಗೆರೆಯಾಚೆ ನೆಲದ ಮೇಲೆ ಕೂತಳು. ತೇಜು ಮುಂದಿನ ಸಾಲಿನ ಕುರ್ಚಿ ಬಿಟ್ಟು ಎದ್ದು ಬಂದು ಪಕ್ಕದಲ್ಲಿ ಕೂತು, ಒಂದು ಜೊತೆ ಹವಾಯಿ ಚಪ್ಪಲಿಯನ್ನು ತಾಯಿಯ ಮಡಿಲಿಗೆ ಹಾಕಿದಳು.

"ಚಿಗವ್ವ ಹೇಳ್ಯಾಳ. ಕಳಿಬ್ಯಾಡಂತ."

ಆಟ ಚೆನ್ನಾಗಿ ನಡೆಯಲಿಲ್ಲ. ಕಸ್ತೂರಿಯ ತಂಡದ ರೇಡರುಗಳು ಬರಿಗೈಯಲ್ಲಿ ಬಂದರು. ಒಬ್ಬಳು ಔಟಾದಳು, ಇನ್ನೊಬ್ಬಳು ಔಟಾದಳು. ದಾಕ್ಷಿ ಹಿಡಿಯಲು ಹಾರಿದ ಕಾಲು ಬೆರಳಿಗೂ ತಾಗದೆ ತಪ್ಪಿಸಿಕೊಂಡಿತು. ಅವಳು ಬೋರಲು ಬಿದ್ದು, ಮಣ್ಣು ಉಗಿದು, ಜೆರ್ಸಿ ಜಗ್ಗಿಕೊಳ್ಳುತ್ತ ಎದ್ದಳು. ಗಿಡಗನ್ನ ಒಳಗ ಕರೀರಿ ಎಂದು ಜನ ಗದ್ದಲ ಹಾಕಿದರು. ಯಮನಪ್ಪನ ದನಿ ಎಲ್ಲರಿಗಿಂತ ಮೇಲಿತ್ತು.

ಕಸ್ತೂರಿ ತಿರುಗಲಿಲ್ಲ. ಕಣ್ಣು ತಂಗಿಯ ಕೈಗಳ ಮೇಲಿತ್ತು.

ಸ್ವಲ್ಪ ಹೊತ್ತಿಗೆ ಹತ್ತಿರದವರು ಅವಳು ನೋಡುತ್ತಿದ್ದ ಕಡೆ ನೋಡಿದರು. ಅವರನ್ನು ಕಂಡು ಹಿಂದಿನವರೂ ನೋಡಿದರು. ಗದ್ದಲ ತಗ್ಗಿತು.

ಎದುರಿನ ರೇಡರ್ ಮತ್ತೆ ಬಂದಳು. ಮುದುಕಿಯಾದವಳ ಮೂಲೆ ಎಂದು ದಾಕ್ಷಿಯ ಕಡೆಗೇ ಕಾಲು ಚಾಚಿದಳು. ದಾಕ್ಷಿ ಮಂಡಿಯೂರಿ ಹಿಮ್ಮಡಿ ಹಿಡಿದಳು. ರೇಡರ್ ಎಳೆದಳು, ಹೊರಳಿದಳು, ಗೆರೆಯತ್ತ ತೆವಳಿದಳು. ದಾಕ್ಷಿಯೂ ಅವಳ ಹಿಂದೆ ಮಣ್ಣಿನಲ್ಲಿ ತೆವಳಿದಳು, ಕೈ ಬಿಡಲಿಲ್ಲ. ಗೆರೆಗೆ ಗೇಣು ದೂರದಲ್ಲಿ ಉಸಿರು ಕಟ್ಟಿ ರೇಡರ್ ಔಟಾದಳು.

ಮೈದಾನ ಎದ್ದು ನಿಂತಿತು. ಯಾರಪಾ ಈ ಹೆಣ್ಮಗಳು ಎಂದು ಯಮನಪ್ಪ ಕೇಳಿದ. ನಮ್ಮ ಚಿಗವ್ವ ಎಂದು ತೇಜು ಟ್ರೇಲರಿಗೆ ಕೇಳುವಂತೆ ಹೇಳಿದಳು.

ದಾಕ್ಷಿ ಅಂಗಾತ ಬಿದ್ದು ಆಕಾಶ ನೋಡುತ್ತ ನಗುತ್ತಿದ್ದಳು. ಕಸ್ತೂರಿ ಎರಡೂ ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡು ಅದನ್ನೇ ನೋಡುತ್ತಿದ್ದಳು. ಏಳಬೇಕೆಂಬುದು ಅವಳಿಗೆ ಹೊಳೆಯಲಿಲ್ಲ.

ಅಕ್ಕೋರು ಗೆರೆಯವರೆಗೆ ಬಂದು ಕೈ ಚಾಚಿದರು.

"ಚಪ್ಪಲ್ ಇಲ್ಲಿ ತಾ. ನಿನಗ ಜೀವ ಬಂತು, ಏಳು."