ಮೆತ್ತವ್ವನ ಓಲೆ

ಭೂಮಿ ಆಗಷ್ಟೇ ಆರಿ ತಣ್ಣಗಾಗಿತ್ತು, ಮಗೂ. ಹುಲ್ಲಿರಲಿಲ್ಲ, ಮೀನಿರಲಿಲ್ಲ, ಅಳುವುದಕ್ಕೆ ಒಂದು ಕೂಸೂ ಇರಲಿಲ್ಲ. ಒಂದು ಮಡುವಿನಲ್ಲಿ ಇಬ್ಬರೇ ಇಬ್ಬರು ಅಕ್ಕತಂಗಿಯರಿದ್ದರು. ಎಷ್ಟು ಸಣ್ಣವರೆಂದರೆ, ಸಾಸಿವೆ ಕಾಳಿನ ಮೇಲೆ ಅಂಥವರು ಸಾವಿರ ಜನ ಕೂರಬಹುದಿತ್ತು. ಈಗ ಅಂಥವರನ್ನು ಜೀವಕೋಶ ಅನ್ನುತ್ತಾರೆ.

ಅಕ್ಕ ಹಸಿರವ್ವನಿಗೆ ಮೈಸುತ್ತ ಗಟ್ಟಿ ಗೋಡೆ. ಬಿಸಿಲು ಕುಡಿದು ಬದುಕುವವಳು. ತಂಗಿ ಮೆತ್ತವ್ವನಿಗೆ ಬರೀ ತೆಳ್ಳನೆ ತೊಗಲು. ತೇಲಿ ಬಂದದ್ದನ್ನೆಲ್ಲ ನುಂಗುವ ಹೊಟ್ಟೆಬಾಕಿ. ಇಬ್ಬರ ಒಡಲಲ್ಲೂ ಒಂದೊಂದು ಓಲೆ ಇತ್ತು. ಹೇಗೆ ಉಣ್ಣಬೇಕು, ಹೇಗೆ ಉಸಿರಾಡಬೇಕು, ಎಲ್ಲ ಅದರಲ್ಲಿ ಬರೆದಿತ್ತು. ಅದನ್ನು ನೋಡಿಕೊಂಡೇ ಅವರು ಬದುಕುತ್ತಿದ್ದರು.

ಉಂಡರು, ಬೆಳೆದರು. ಮತ್ತೆ ಉಂಡರು, ಮತ್ತೆ ಬೆಳೆದರು. ಒಂದು ದಿನ ಮೆತ್ತವ್ವನ ತೊಗಲು ಬಿಗಿದು ಉರಿಯತೊಡಗಿತು.

“ಯಕ್ಕಾ, ಎಷ್ಟು ಉಂಡರೂ ಮೈ ನಡುವಿಗೆ ಕೂಳು ಮುಟ್ಟವಲ್ದು. ಬಿರಿದು ಹೋಗ್ತೀನಿ ಅನಸ್ತೈತಿ. ಅಂಜಿಕಿ ಆಗಾಕತ್ತೈತಿ!”

“ಭಾಳ ದೊಡ್ಡಾಕಿ ಆಗಿಯವ್ವಾ,” ಅಂದಿತು ಮಡುವಿನ ನೀರು. “ಇಬ್ಬರಾಗು. ಇಲ್ಲಾಂದ್ರ ಸಾಯ್ತಿ.”

ಸಾವು ಅಂದದ್ದೇ ತಡ, ಮೆತ್ತವ್ವ ಹಿಂದೆಮುಂದೆ ನೋಡಲಿಲ್ಲ. ಸೊಂಟ ಬಿಗಿಯಾಗಿ ಹಿಂಡಿ ಎರಡಾಗಿಬಿಟ್ಟಳು. ಅಬ್ಬಾ, ಎಷ್ಟು ಹಗುರ! ಎದುರಿಗೆ ಪುಟ್ಟ ಮಗಳು ತೇಲುತ್ತಿದ್ದಳು.

“ಯವ್ವಾ, ಹೆಂಗ ಉಣ್ಣೂದು?” ಎಂದಳು ಮಗಳು.

“ನಿನ್ನ ಓಲಿ ನೋಡವ್ವಾ.”

“ನನ್ನ ಕಡೆ ಓಲಿ ಇಲ್ಲ. ಯವ್ವಾ, ಉಸಿರು ಹೆಂಗ ಬಿಡೂದು?”

ಇದ್ದ ಒಂದೇ ಓಲೆ ತಾಯಿಯಲ್ಲೇ ಉಳಿದಿತ್ತು. ಮೆತ್ತವ್ವ ಅದನ್ನು ಓದಿ ಹೇಳತೊಡಗಿದಳು. ಮೂರು ಸಾಲು ಮುಗಿಯುವುದರೊಳಗೆ ಮಗಳು ಮುದುಡಿ ಮುದುಡಿ ನೀರಿನಲ್ಲಿ ಕರಗಿಹೋದಳು. ಆ ಸಂಕಟವನ್ನು ಹೇಗೆ ಹೇಳಲಿ, ಮಗೂ.

ಅತ್ತರೂ ಹಸಿವು ಬಿಡಲಿಲ್ಲ. ಉಂಡಳು, ಬೆಳೆದಳು. ಮತ್ತೆ ತೊಗಲು ಬಿಗಿಯಿತು. ಎರಡಾಗದಿದ್ದರೆ ತಾನು ಸಾಯಬೇಕು, ಎರಡಾದರೆ ಮಗಳು ಸಾಯಬೇಕು. ಮೆತ್ತವ್ವ ಬಾಯಿಬಿಟ್ಟು ಅಳತೊಡಗಿದಳು.

“ಅಳಬ್ಯಾಡ ತಂಗಿ,” ಅಂದಳು ಹಸಿರವ್ವ. “ಮೊದಲಿಗೆ ಓಲಿ ಬರಿ. ಇದ್ದದ್ದು ಇದ್ದಂಗ ಇನ್ನೊಂದು ಬರಿ. ಆಮ್ಯಾಲೆ ಎರಡಾಗು.”

ಮೆತ್ತವ್ವ ಬರೆಯಲು ಕೂತಳು. ಒಂದಕ್ಷರ ಬರೆದಳು, ಮೂಲ ನೋಡಿದಳು. ಇನ್ನೊಂದು ಬರೆದಳು, ಮತ್ತೆ ನೋಡಿದಳು. ತೊಗಲು ಚರ್ರೆಂದಿತು.

“ಲಗೂ, ಲಗೂ!” ಎಂದು ನೀರು ಚೀರಿತು.

ಅವಳು ಅವಸರ ಮಾಡಲಿಲ್ಲ. ಒಂದು ಕಡೆ ತಪ್ಪಾಯಿತು. ಅದನ್ನು ಕೆರೆದು ತೆಗೆದು ಮತ್ತೆ ಬರೆದಳು. ಕೊನೆಗೆ ಆ ಕಡೆಗೊಂದು, ಈ ಕಡೆಗೊಂದು ಓಲೆ ಸರಿಸಿ, ಕಣ್ಣು ಮುಚ್ಚಿ ಸೊಂಟ ಹಿಂಡಿದಳು.

ಕಣ್ಣು ತೆರೆಯಲು ಧೈರ್ಯವಿಲ್ಲ. ಮಗಳ ಸದ್ದೂ ಇಲ್ಲ. ಅಷ್ಟರಲ್ಲಿ ಯಾರೋ ಅವಳ ಕೂಳಿಗೇ ಬಾಯಿ ಹಾಕಿದರು. ನೋಡಿದರೆ ಮಗಳು! ಗಬಗಬ ಉಣ್ಣುತ್ತಿದ್ದಳು, ಹೊಟ್ಟೆಬಾಕಿಯ ಮಗಳಲ್ಲವೇ.

ಹಸಿರವ್ವನೂ ಓಲೆ ಬರೆದಳು. ಆದರೆ ಗಟ್ಟಿ ಗೋಡೆಯ ಮೈಯನ್ನು ಹಿಂಡಲಾದೀತೇ? ಅವಳು ನಟ್ಟನಡುವೆ ಇನ್ನೊಂದು ಗೋಡೆ ಕಟ್ಟಿ ಇಬ್ಬರಾದಳು. ಅವಳ ಸಂತಾನವೇ ಗಿಡಮರ. ಮೆತ್ತವ್ವನ ಸಂತಾನ ಹುಳಹುಪ್ಪಟೆ, ದನಕರು, ನಾನು, ನೀನು.

ಅದಕ್ಕೇ ನೋಡು, ಬಿದ್ದು ತರಚಿದ ಮೊಣಕಾಲು ಒಂದೇ ದಿನಕ್ಕೆ ಮಾಯುವುದಿಲ್ಲ. ಹಕ್ಕಳೆಯ ಕೆಳಗೆ ಮೆತ್ತವ್ವನ ಮಕ್ಕಳು, ಆ ಕರಗಿಹೋದ ಕೂಸಿನ ಭಯಕ್ಕೆ, ಇವತ್ತಿಗೂ ಎರಡಾಗುವ ಮುನ್ನ ಓಲೆ ಬರೆಯುತ್ತಾ ಕೂತಿರುತ್ತಾರೆ.