ಗೆದ್ದಲು ಪಂಡಿತನ ನಿಘಂಟು

ಆ ಬೆಳಿಗ್ಗೆ ಹಲ್ಲಿ ತನ್ನ ಮೊಟ್ಟೆಗಳನ್ನು ನೋಡಲು ಬಂದಳು. ಗ್ರಂಥಾಲಯದ ಹಳೇ ಕಪಾಟಿನಲ್ಲಿ ಒಂದು ಮಾವಿನ ಹಲಗೆ ನೋಡಿ ಅವಳು ಎರಡು ಮೊಟ್ಟೆ ಇಟ್ಟಿದ್ದಳು. ಈಗ ಹಲಗೆಯೇ ಇಲ್ಲ. ಒಂದು ಮೊಟ್ಟೆ ನೆಲಕ್ಕೆ ಬಿದ್ದು ಒಡೆದಿತ್ತು, ಇನ್ನೊಂದು ಹೇಗೋ ಗೋಡೆಗೆ ಅಂಟಿಕೊಂಡು ಉಳಿದಿತ್ತು.

ಅವಳು ನಿಘಂಟಿನೊಳಗೆ ವಾಸವಿದ್ದ ಗೆದ್ದಲು ಪಂಡಿತನ ಬಳಿಗೆ ಓಡಿದಳು. “ಪಂಡಿತರೇ, ನನ್ನ ಹಲಗೆ ಎಲ್ಲಿ ಹೋಯಿತು?”

ಪಂಡಿತ ಬಾಯಿ ಒರೆಸಿಕೊಂಡ. “ಎಲ್ಲಿ ಹೋಯಿತು ಎಂದು ಕೇಳುವುದು ಪಾಮರರ ಅಭ್ಯಾಸ, ತಾಯಿ. ಹೀಗೆ ಹೋದದ್ದಕ್ಕೆ ‘ಮಾಯ’ ಎನ್ನುತ್ತಾರೆ. ಆ ಪದ ಎಲ್ಲಿಂದ ಬಂತು? ಕೇಳಬೇಕಾದ ಪ್ರಶ್ನೆ ಅದು. ಸಂಸ್ಕೃತದಿಂದ ಬಂತು ಎನ್ನುವವರಿದ್ದಾರೆ. ಅವರಿಗೆಲ್ಲ ನಾನು ತಕ್ಕ ಉತ್ತರ ಕೊಟ್ಟಿದ್ದೇನೆ.”

“ಆ ಪದ ಇರುವ ಪುಟವನ್ನಾದರೂ ತೋರಿಸಿ.”

“ಪುಟವೂ ಮಾಯವಾಗಿದೆ. ನನ್ನ ವಾದಕ್ಕೆ ಇನ್ನೇನು ಪುರಾವೆ ಬೇಕು?” ಎಂದು ಪಂಡಿತ ತೇಗಿದ.

ತೇಗಿನಲ್ಲಿ ಮಾವಿನ ಮರದ ವಾಸನೆ ಹಲ್ಲಿಯ ಮೂಗಿಗೆ ಬಡಿಯಿತು. ಅವಳ ನಾಲಿಗೆ ಒಮ್ಮೆ ಹೊರಬಂದು ಒಳಹೋಯಿತು, ಅಷ್ಟೆ.

ಸ್ವಲ್ಪ ಹೊತ್ತಿಗೆ ಗೆದ್ದಲು ಶಿಷ್ಯರು ಸಾಲಾಗಿ ಪಾಠಕ್ಕೆ ಬಂದರು. “ನಮ್ಮ ಗುರುಗಳು ಎಲ್ಲಿ ಹೋದರು?”

“ಛೆ, ಇಷ್ಟು ಓದಿದವರು ಹಾಗೆ ಕೇಳುವುದೇ?” ಹಲ್ಲಿ ನಿಘಂಟಿನ ಮೇಲೆ ನೆಟ್ಟಗೆ ಕುಳಿತಳು. “ಪದದ ಮೂಲ ಕೇಳಿ. ಒಬ್ಬೊಬ್ಬರಾಗಿ ಹತ್ತಿರ ಬನ್ನಿ, ಹೇಳುತ್ತೇನೆ.”