ಏಳನೇ ಗೇಟಿನ ನೀರು

“ತನ್ನ ಲಾಭಕ್ಕೆ ಮಾತನಾಡುವವನ ಮಾತನ್ನು ನಂಬಬಹುದೇ?” ಎಂದು ಹಾಲೇಶ ಗುರುಗಳನ್ನು ಕೇಳಿದ.

ಹಾಲೇಶ ರಸ್ತೆ ಇಲಾಖೆಯಲ್ಲಿ ಎಂಜಿನಿಯರ್. ಊರ ನಡುವೆ ಒಂದು ಮೇಲ್ಸೇತುವೆಗೆ ನಕ್ಷೆ ತಯಾರಿಸುತ್ತಿದ್ದ. ಅದರ ಒಂದು ಕಂಬ ಬರುವ ಜಾಗದಲ್ಲಿ ಹಳೆಯ ಬಾವಿಯೊಂದನ್ನು ಮುಚ್ಚಿದ್ದಾರೆ ಎಂದು ಅಲ್ಲಿನ ಚಹಾ ಅಂಗಡಿಯವನು ಅರ್ಜಿ ಕೊಟ್ಟಿದ್ದ. ಕಂಬ ಬಂದರೆ ಅಂಗಡಿ ಹೋಗುತ್ತಿತ್ತು. ಸೋಮವಾರ ಹಾಲೇಶ ಆ ಅರ್ಜಿಯನ್ನು ತಿರಸ್ಕರಿಸುವವನಿದ್ದ. ಅದಕ್ಕೆ ಮೊದಲು ಗುರುಗಳ ಬಾಯಿಂದ ‘ಇಲ್ಲ’ ಎಂಬ ಒಂದು ಮಾತು ಸಿಕ್ಕರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡು ಬಂದಿದ್ದ.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಎಂಜಿನಿಯರ್ ಇದ್ದ. ರೈಲು ದಾರಿಯೊಂದರಲ್ಲಿದ್ದ ಹನ್ನೊಂದು ಗೇಟುಗಳನ್ನು ತೆಗೆದು, ಹಳಿಯ ಕೆಳಗಿನಿಂದ ರಸ್ತೆ ಹಾಯಿಸುವ ಕೆಲಸ ಅವನದು. ಗೇಟಿನಲ್ಲಿ ಜನ ಕಾಯುವುದು ತಪ್ಪಬೇಕು, ಹಳಿಯ ಮೇಲೆ ಜನ ಸಾಯುವುದು ತಪ್ಪಬೇಕು. ಒಳ್ಳೆಯ ಕೆಲಸವೇ. ಮೊದಲನೇ ಗೇಟಿನಲ್ಲಿ ಮಣ್ಣು ಪರೀಕ್ಷೆ ಮಾಡಿಸಿ ಕೆಳಸೇತುವೆಯ ನಕ್ಷೆ ತಯಾರಿಸಿದ. ನಕ್ಷೆ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ, ಉಳಿದ ಹತ್ತು ಗೇಟುಗಳಿಗೂ ಅದನ್ನೇ ಇಟ್ಟುಕೊಂಡ. ಹಳಿ ಒಂದೇ, ರೈಲು ಒಂದೇ, ಮಣ್ಣು ಮಾತ್ರ ಬೇರೆ ಯಾಕಾಗಬೇಕು ಎಂಬುದು ಅವನ ತರ್ಕ.

ಎಂಜಿನಿಯರ್ ಲಂಚ ಮುಟ್ಟುವವನಲ್ಲ, ಮೋಸ ಹೋಗುವವನೂ ಅಲ್ಲ. ರಸ್ತೆ ತನ್ನ ಹೊಲ ಬಿಟ್ಟು ಹೋಗಲಿ ಎನ್ನುವವರನ್ನೂ, ತನ್ನ ಅಂಗಡಿಯ ಮುಂದೆಯೇ ಬರಲಿ ಎನ್ನುವವರನ್ನೂ ಇಪ್ಪತ್ತು ವರ್ಷ ಕೇಳಿ ಕೇಳಿ ಅವನೊಂದು ಪದ್ಧತಿ ಮಾಡಿಕೊಂಡಿದ್ದ. ಯಾರು ಏನು ಹೇಳಿದರೂ ಪುಸ್ತಕದಲ್ಲಿ ನಡುವೆ ಒಂದು ಗೆರೆ ಎಳೆಯುತ್ತಿದ್ದ. ಎಡಕ್ಕೆ ಆತ ಹೇಳಿದ ಮಾತು. ಬಲಕ್ಕೆ ಅದರಿಂದ ಆತನಿಗಾಗುವ ಲಾಭ. ಬಲಕ್ಕೆ ಏನಾದರೂ ಬರೆಯುವಂತಾದರೆ ಎಡಗಡೆಯದನ್ನು ಹೊಡೆದುಹಾಕುತ್ತಿದ್ದ. ಈ ಪದ್ಧತಿಯಿಂದ ಅವನ ಬಹಳಷ್ಟು ಸಮಯ ಉಳಿದಿತ್ತು.

ಏಳನೇ ಗೇಟಿಗೆ ಅವನು ಹೋದದ್ದು ಮಳೆಗಾಲ ಮುಗಿದ ವಾರ. ಹಳಿಯ ಆಚೆ ಒಂದು ಹಳ್ಳಿ, ಈಚೆ ಅದರ ಶಾಲೆ, ಆಸ್ಪತ್ರೆ. ಹಳ್ಳಿಗೆ ಆ ಗೇಟೊಂದೇ ದಾರಿ. ಗೇಟು ಕಾಯುವವನು ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ಬಂದು ನಿಂತ.

“ಇಲ್ಲಿ ನೆಲ ಇಳಿಸಬೇಡಿ ಸ್ವಾಮಿ,” ಎಂದ. “ಮೇಲುಗಡೆ ಕೆರೆ ಇದೆ. ಮಳೆ ನಿಂತರೂ ಅದರ ಬಸಿನೀರು ಒಳಗಿಂದ ಬರ್ತಾನೇ ಇರುತ್ತೆ. ರಸ್ತೇನ ಹಳಿ ಮೇಲಿಂದ ಹತ್ತಿಸಿಬಿಡಿ.”

“ಮೇಲ್ಸೇತುವೆಗೆ ಮಂಜೂರಾತಿ ಸಿಗೋದಕ್ಕೆ ಹತ್ತು ವರ್ಷ ಬೇಕು. ಅಲ್ಲಿವರೆಗೆ ಗೇಟು ಇರುತ್ತೆ. ನಿನ್ನ ಸರ್ವಿಸ್ ಇನ್ನೆಷ್ಟಿದೆಯಪ್ಪ?”

“ಎಂಟು ವರ್ಷ ಸ್ವಾಮಿ.”

ಎಂಜಿನಿಯರ್ ಬಲಕ್ಕೆ ‘ಎಂಟು ವರ್ಷ’ ಎಂದು ಬರೆದ. ಎಡಗಡೆಯದನ್ನು ಹೊಡೆದುಹಾಕಿದ.

ಗೇಟಿನವನಿಗೆ ಓದಲು ಬರುತ್ತಿತ್ತು. ತಾನು ಇಲ್ಲಿರುವವರೆಗೆ ತನ್ನ ಮಾತಿಗೆ ಬೆಲೆಯಿಲ್ಲ ಎಂದು ಅವನಿಗೆ ತಿಳಿಯಿತು. ತಾನಾಗಿಯೇ ವರ್ಗಾವಣೆ ಕೇಳಿಕೊಂಡ. ಎರಡು ಜಿಲ್ಲೆ ಆಚೆ, ಹಳಿ ರಿಪೇರಿಯ ಗ್ಯಾಂಗಿನಲ್ಲಿ ಜಾಗ ಸಿಕ್ಕಿತು. ಐವತ್ತೆರಡನೇ ವಯಸ್ಸಿನಲ್ಲಿ ಕಬ್ಬಿಣ ಹೊರುವ ಕೆಲಸ. ನೀರು ನಿಂತರೆ ಊರಿನವರು ಈಜು ಕಲಿತುಕೊಳ್ಳುತ್ತಾರೆ, ನಡುವೆ ನಿಮಗೇನು ಬಂತು ಎಂದು ಹೆಂಡತಿ ಕೇಳಿದಳು. ಅವನು ಪಾತ್ರೆಗಳನ್ನು ಚೀಲಕ್ಕೆ ತುಂಬಿದ. ಹೊಸ ಜಾಗದಿಂದ ಎಂಜಿನಿಯರಿಗೆ ಕಾಗದ ಬರೆದ. ಹಿಂದೆ ಹೇಳಿದ ಮಾತನ್ನೇ ಬರೆದು, ಈಗ ಆ ಗೇಟಿನಿಂದ ತನಗೆ ಆಗಬೇಕಾದ್ದು ಏನೂ ಇಲ್ಲ ಎಂದು ಸೇರಿಸಿದ.

ಎಂಜಿನಿಯರ್ ಕಾಗದವನ್ನು ಎರಡು ಸಲ ಓದಿದ. ಪುಸ್ತಕ ತೆಗೆದು ಗೆರೆ ಎಳೆದ. ಎಡಕ್ಕೆ ಬರೆದ. ಬಲಕ್ಕೆ ಬರೆಯಲು ಏನೂ ಹೊಳೆಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಹೀಗಾದದ್ದು ಅದೇ ಮೊದಲು. ಸ್ವಲ್ಪ ಹೊತ್ತು ಕಸಿವಿಸಿಯಾಯಿತು. ಆಮೇಲೆ ದಾರಿ ಕಂಡಿತು. ಕಾಗದದ ಅಂಚಿನಲ್ಲಿ ‘ಅರ್ಜಿದಾರರಿಗೂ ಸದರಿ ಗೇಟಿಗೂ ಸಂಬಂಧವಿಲ್ಲ’ ಎಂದು ಬರೆದು ಕಡತಕ್ಕೆ ಸೇರಿಸಿದ.

ಬೇಸಿಗೆಯಲ್ಲಿ ಕೆಳಸೇತುವೆ ಮುಗಿಯಿತು. ಮಂತ್ರಿಗಳು ಟೇಪು ಕತ್ತರಿಸಿದರು. ಮಕ್ಕಳು ಕೂಗು ಹಾಕುತ್ತ ಅದರೊಳಗೆ ಓಡಾಡಿದರು. ಮಳೆ ಬಂತು. ಸೊಂಟದವರೆಗೆ ನೀರು ನಿಂತಿತು. ಮೋಟರು ಇಟ್ಟು ನೀರೆತ್ತಿಸಿದರು. ಮಳೆ ನಿಂತಿತು, ನೀರು ನಿಲ್ಲಲಿಲ್ಲ. ಸಂಜೆ ಬರಿದಾದದ್ದು ಬೆಳಿಗ್ಗೆ ಮತ್ತೆ ತುಂಬಿರುತ್ತಿತ್ತು. ಜನ ಮೊದಲಿನಂತೆ ಹಳಿ ದಾಟತೊಡಗಿದರು. ಈಗ ಅಲ್ಲಿ ಗೇಟೂ ಇರಲಿಲ್ಲ, ಬಾವುಟ ಹಿಡಿಯುವವನೂ ಇರಲಿಲ್ಲ.

ಒಂದು ಮಧ್ಯಾಹ್ನ ಹಳ್ಳಿಯ ಹೆಂಗಸೊಬ್ಬಳಿಗೆ ಹೆರಿಗೆ ನೋವು ಬಂತು. ಆಂಬುಲೆನ್ಸ್ ಬಂದು ನೀರಿನ ಈಚೆಯೇ ನಿಂತಿತು. ನಾಲ್ವರು ಅವಳನ್ನು ಮಂಚದ ಮೇಲೆ ಹೊತ್ತು ಹಳಿಯ ಏರಿ ಹತ್ತಿಸಿದರು. ಏರಿ ಜಾರುತ್ತಿತ್ತು. ಈಚೆ ಇಳಿಸುವಷ್ಟರಲ್ಲಿ ಹೊತ್ತು ಮೀರಿತ್ತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹಾಲೇಶನಿಗೆ ತನಗೆ ಬೇಕಾದ ‘ಇಲ್ಲ’ ಇನ್ನೂ ಸಿಕ್ಕಿರಲಿಲ್ಲ.

“ಹಾಗಾದರೆ ಆ ಗೇಟಿನವನನ್ನು ನಂಬಬೇಕಾಗಿತ್ತು ಎನ್ನುತ್ತೀರಾ, ಗುರುಗಳೇ?” ಎಂದ.

“ನಂಬುವ ಮಾತು ಯಾಕೆ ಬಂತು?” ಎಂದರು ಗುರುಗಳು. “ಒಂದು ಗುಂಡಿ ತೋಡಿ ನೋಡಿದ್ದರೆ ಆಗುತ್ತಿತ್ತು.”